ಹುಡುಗ ಹುಡುಗಿ ಇಬ್ಬರದೂ ಒಂದೇ ಬ್ಲಡ್ ಗ್ರೂಪ್ ಆದರೆ ಮದುವೆ ಮಾಡಬಾರದೇ?

ಪ್ರಶ್ನೆ: ಹುಡುಗ, ಹುಡುಗಿ ಇಬ್ಬರದೂ ಬಿ ಪಾಸಿಟಿವ್. ಜಾತಕ ಕೂಡಿದೆ. ಆದರೆ ಒಂದೇ ಗ್ರೂಪ್ ಆದರೆ ಮಕ್ಕಳಿಗೆ ತೊಂದರೆ ಅಂತ ಮನೆಯ ಹಿರಿಯರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಸುಳ್ಳು. ಧೈರ್ಯವಾಗಿ ಮದುವೆ ಮಾಡಿ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

1900ರ ಹೊತ್ತಿಗೆ ರಕ್ತ ಕೊಟ್ಟರೆ ಕೆಲವು ರೋಗಿಗಳು ಉಳಿಯುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣ ಯಾರಿಗೂ ಗೊತ್ತಿರಲಿಲ್ಲ. ವಿಯೆನ್ನಾದ ವೈದ್ಯ ಕಾರ್ಲ್ ಲ್ಯಾಂಡ್‌ಸ್ಟೈನರ್ ತಮ್ಮ ರಕ್ತವನ್ನೂ ಜೊತೆ ಕೆಲಸ ಮಾಡುವವರ ರಕ್ತವನ್ನೂ ತೆಗೆದುಕೊಂಡರು. ಒಬ್ಬರ ಸೀರಂಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವಕ್ಕೆ, ಇನ್ನೊಬ್ಬರ ಕೆಂಪು ಕಣ ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಏನೂ ಆಗಲಿಲ್ಲ. ಕೆಲವದರಲ್ಲಿ ಹಾಲು ಒಡೆದ ಹಾಗೆ ಕಣಗಳು ಗಂಟುಗಂಟಾದವು. 1901ರಲ್ಲಿ ಅವರು ಮೂರು ಗುಂಪುಗಳನ್ನು ವಿವರಿಸಿದರು. ಮರುವರ್ಷ ಡೆಕಾಸ್ಟೆಲ್ಲೊ ಮತ್ತು ಸ್ಟುರ್ಲಿ ಎಂಬ ವೈದ್ಯರು ನಾಲ್ಕನೆಯದನ್ನು, ಅಂದರೆ ಎಬಿಯನ್ನು ಕಂಡರು.

ಈಗ ನೀವೇ ಯೋಚಿಸಿ. ಗಂಟು ಕಟ್ಟಿದ್ದು ಬೇರೆ ಬೇರೆ ಗುಂಪಿನ ರಕ್ತ ಸೇರಿದಾಗ. ಒಂದೇ ಗುಂಪಿನವು ಹೊಂದಿಕೊಂಡವು. ಹಾಗಿರುವಾಗ ಒಂದೇ ಗುಂಪು ಅಂದರೆ ಅಪಾಯ ಅನ್ನುವುದು ಪೂರ್ತಿ ತಲೆಕೆಳಗಾದ ಮಾತು, ಅಲ್ವಾ? ಸಗೋತ್ರದಲ್ಲಿ ಮದುವೆ ಬೇಡ ಅನ್ನುವ ಮಾತನ್ನೇ ಜನ ಬ್ಲಡ್ ಗ್ರೂಪಿಗೂ ಅಂಟಿಸಿದ್ದಾರೆ ಅಂತ ನನಗನ್ನಿಸುತ್ತದೆ. ಗುಂಪು ಒಂದೇ ಆದ ಮಾತ್ರಕ್ಕೆ ವಂಶ ಒಂದೇ ಆಗುವುದಿಲ್ಲ. ಒಡಹುಟ್ಟಿದವರ ಗುಂಪೇ ಬೇರೆ ಇರಬಹುದು. ನಮ್ಮಲ್ಲಿ ಓ ಮತ್ತು ಬಿ ಜಾಸ್ತಿ. ಈ ನಿಯಮ ಹಿಡಿದು ಕೂತರೆ ಅರ್ಧ ಊರಿಗೆ ಸಂಬಂಧ ಕುದುರುವುದಿಲ್ಲ. ಮಕ್ಕಳ ಬಗ್ಗೆ ಚಿಂತೆ ಇದ್ದರೆ ಸೋದರಮಾವನಿಗೇ ಹುಡುಗಿ ಕೊಡುವಾಗ ಡಾಕ್ಟರನ್ನು ಕೇಳಿ. ಅದು ಹತ್ತಿರದ ರಕ್ತಸಂಬಂಧ, ಅಲ್ಲಿ ಕೇಳಲು ಕಾರಣವಿದೆ.

ನೋಡಬೇಕಾದ್ದು ಆರ್‌ಎಚ್, ಅಂದರೆ ಗುಂಪಿನ ಹೆಸರಿನ ಜೊತೆ ಬರುವ ಪಾಸಿಟಿವ್ ಅಥವಾ ನೆಗೆಟಿವ್. ಇದನ್ನು 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ವಿವರಿಸಿದರು. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಮುಂದಿನ ಬಸಿರಿಗೆ ತೊಂದರೆ ಆಗಬಹುದು. ಅದಕ್ಕೂ ಆಂಟಿ-ಡಿ ಇಂಜೆಕ್ಷನ್ ಇದೆ. ಹೆರಿಗೆಯಾದ 72 ಗಂಟೆಯೊಳಗೆ ಕೊಡುತ್ತಾರೆ. ಹಾಗಾಗಿ ಅದಕ್ಕೂ ಮದುವೆ ಮುರಿಯಬೇಕಿಲ್ಲ.

ಮದುವೆಯ ಮಾತು ಇಲ್ಲಿಗೆ ಮುಗಿಯಿತು, ರಕ್ತದ ಕಥೆ ಇನ್ನೂ ಸ್ವಲ್ಪ ಇದೆ. ಗುಂಪು ಗೊತ್ತಾದ ಮೇಲೂ ರಕ್ತ ಕೊಡುವುದು ಸುಲಭವಾಗಲಿಲ್ಲ. ಮೈಯಿಂದ ಹೊರಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕೇ ಕೊಡುವವರ ರಕ್ತನಾಳವನ್ನು ಪಡೆಯುವವರ ನಾಳಕ್ಕೆ ನೇರವಾಗಿ ಹೊಲಿಯುತ್ತಿದ್ದರು! 1914ರಲ್ಲಿ ಬ್ರಸೆಲ್ಸ್‌ನಲ್ಲಿ ಹುಸ್ಟಿನ್, ಬ್ಯೂನಸ್ ಐರಿಸ್‌ನಲ್ಲಿ ಅಗೋಟೆ ಎಂಬ ವೈದ್ಯರು ರಕ್ತಕ್ಕೆ ಹೆಪ್ಪುಗಟ್ಟದಂತೆ ತಡೆಯುವ ಸೋಡಿಯಂ ಸಿಟ್ರೇಟ್ ಎಂಬ ಲವಣ ಬೆರೆಸಿದರು. ಮರುವರ್ಷ ನ್ಯೂಯಾರ್ಕಿನ ಲೆವಿಸೋನ್ ಅದರ ಸುರಕ್ಷಿತ ಪ್ರಮಾಣ ಹೇಳಿದರು. 1917ರಲ್ಲಿ, ಮೊದಲ ಮಹಾಯುದ್ಧದಲ್ಲಿ, ರಾಬರ್ಟ್‌ಸನ್ ಎಂಬ ವೈದ್ಯ ಓ ಗುಂಪಿನ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಗಾಯಾಳುಗಳಿಗೆ ಕೊಟ್ಟರು. ಇವತ್ತಿನ ಬ್ಲಡ್ ಬ್ಯಾಗಿನಲ್ಲೂ ಸಿಟ್ರೇಟ್ ಇದ್ದೇ ಇರುತ್ತದೆ.