ಇಲಿ ಹೊರಗೆ ಬಂತು ಅಂದ್ರೆ ಆತಂಕ ಹೋಯ್ತಾ?

ಯಾವ್ದೋ ಗಿಡದ ಸಾರ ಆತಂಕ ಕಡಿಮೆ ಮಾಡುತ್ತೆ, ಇಲಿಗಳ ಮೇಲೆ ಸಾಬೀತಾಗಿದೆ ಅಂತ ಸುದ್ದಿ ಬಂದಾಗೆಲ್ಲ ನನಗೆ ಮೊದಲು ಬರೋ ಪ್ರಶ್ನೆ, ಅಳೆದಿದ್ದು ಹೇಗೆ? ಇಲಿನ ಕೇಳೋಕಾಗಲ್ವಲ್ಲ, ಅದರ ಓಡಾಟ ನೋಡಿ ಊಹಿಸ್ಬೇಕು ಅಷ್ಟೆ.

ಇದಕ್ಕೆ ತುಂಬಾ ಬಳಸೋ ಟೆಸ್ಟು ಎಲಿವೇಟೆಡ್ ಪ್ಲಸ್ ಮೇಜ್. ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿ ಪ್ಲಸ್ ಆಕಾರದ ಹಾದಿ, ನಾಲ್ಕು ತೋಳಲ್ಲಿ ಎರಡಕ್ಕೆ ಗೋಡೆ ಇರುತ್ತೆ, ಇನ್ನೆರಡು ಪೂರ್ತಿ ಬಯಲು. ಇಲಿಗೆ ಬಯಲು ಅಂದ್ರೆ ಭಯ, ಆದ್ರೆ ಹೊಸ ಜಾಗ ನೋಡೋ ಕುತೂಹಲಾನೂ ಇರುತ್ತೆ, ಇವೆರಡರ ಎಳೆದಾಟಾನೇ ಈ ಟೆಸ್ಟಿನ ಜೀವ. ಮಧ್ಯದಲ್ಲಿ ಬಿಟ್ಟು 5 ನಿಮಿಷ ಗಮನಿಸ್ತಾರೆ. ಮನುಷ್ಯರ ಆತಂಕಕ್ಕೆ ಕೊಡೋ ಡಯಾಜೆಪಾಮ್ ಅನ್ನೋ ಔಷಧಿ ಕೊಟ್ಟ ಇಲಿ ಬಯಲಿನ ತೋಳಲ್ಲಿ ಜಾಸ್ತಿ ಹೊತ್ತು ಕಳೆಯುತ್ತೆ, ಅದಕ್ಕೇ ಗಿಡದ ಸಾರದ ಜೊತೆ ಅದನ್ನೂ ಒಂದು ಗುಂಪಿಗೆ ಕೊಟ್ಟು ಹೋಲಿಸ್ತಾರೆ.

ಆದ್ರೆ ಬಯಲಲ್ಲಿ ಕಳೆದ ಟೈಮ್ ಒಂದನ್ನೇ ನೋಡಿದ್ರೆ ಸಾಲಲ್ಲ. ಗೋಡೆ ಇರೋ ತೋಳುಗಳಿಗೆ ಎಷ್ಟು ಸಲ ಹೋಯ್ತು ಅನ್ನೋದನ್ನೂ ನೋಡ್ಬೇಕು, ಅದು ತುಂಬಾ ಕಮ್ಮಿಯಾಗಿದ್ರೆ ಇಲಿಗೆ ಮಂಪರು ಹತ್ತಿರಬಹುದು, ಹೊರಗೆ ಬಂದಿದ್ದು ಅಲ್ಲೇ ಸುಮ್ನೆ ಕೂತಿರಬಹುದು, ಎಲ್ಲಾ ತೋಳಿಗೂ ಜಾಸ್ತಿ ಓಡಾಡಿದ್ರೆ ಉತ್ತೇಜನ ಆಗಿರಬಹುದು. ಎರಡೂ ಆತಂಕ ಕಡಿಮೆಯಾದ ಹಾಗಲ್ಲ! ಸಾರ ತೆಗೆಯೋಕೆ ಬಳಸಿದ ಆಲ್ಕೋಹಾಲ್ ಉಳ್ಕೊಂಡಿದ್ರೆ ಇನ್ನೊಂದು ತಲೆನೋವು, ಆಲ್ಕೋಹಾಲೇ ಇಲಿಯ ಆತಂಕ ತಗ್ಗಿಸುತ್ತೆ. ಹಾಗಾಗಿ ಗಿಡದ ಅಂಶ ಇಲ್ಲದೆ ಬರೀ ಆ ದ್ರವ ಕುಡಿಸಿದ ಗುಂಪು ಇರಲೇಬೇಕು. ಎಣಿಸೋರಿಗೆ ಯಾವ ಇಲಿಗೆ ಏನು ಕೊಟ್ಟಿದೆ ಅಂತ ಗೊತ್ತಿರಬಾರದು.

ನನಗೆ ತುಂಬಾ ಇಷ್ಟ ಆಗೋದು ಫ್ಲುಮಾಜೆನಿಲ್ ಪ್ರಯೋಗ. ಡಯಾಜೆಪಾಮ್ ಮೆದುಳಲ್ಲಿ, ನರಕೋಶಗಳನ್ನ ಶಾಂತ ಮಾಡೋ ಗಾಬಾ ಅನ್ನೋ ರಾಸಾಯನಿಕದ ಸಂದೇಶ ಹಿಡಿಯೋ ಗಾಬಾ ಎ ರಿಸೆಪ್ಟರ್‌ನ ಒಂದು ಜಾಗಕ್ಕೆ ಅಂಟ್ಕೊಳ್ಳುತ್ತೆ, ಫ್ಲುಮಾಜೆನಿಲ್ ಆ ಜಾಗನೇ ಅಡ್ಡಗಟ್ಟುತ್ತೆ. ಅದನ್ನ ಮೊದಲು ಕೊಟ್ಟಾಗ ಸಾರದ ಪರಿಣಾಮ ಮಾಯವಾದ್ರೆ ಅದೂ ಅದೇ ದಾರಿಲಿ ಕೆಲ್ಸ ಮಾಡ್ತಿದೆ ಅನ್ನೋಕೆ ಗಟ್ಟಿ ಸುಳಿವು. ಮಾಯ ಆಗ್ಲಿಲ್ಲ ಅಂದ್ರೆ ಸೆರೊಟೋನಿನ್ ಅನ್ನೋ ಮೆದುಳಿನ ಇನ್ನೊಂದು ರಾಸಾಯನಿಕದ ಕಡೆ ಹುಡುಕ್ತಾರೆ.

ಟೆಸ್ಟಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಸಾರ ವೇಸ್ಟ್ ಅಂತಾನೂ ಅಲ್ಲ, ಮನುಷ್ಯರ ಆತಂಕಕ್ಕೆ ಕೊಡೋ ಬಸ್ಪಿರೋನ್ ಅನ್ನೋ ಔಷಧಿ ಕೂಡ ಈ ಪ್ಲಸ್ ಮೇಜ್ ಟೆಸ್ಟಲ್ಲಿ ಒಂದೊಂದ್ಸಲ ಒಂದೊಂದು ಥರ ಫಲಿತಾಂಶ ಕೊಡುತ್ತೆ. ಒಂದ್ಸಲ ಮೇಜ್ ನೋಡಿದ ಇಲಿಯನ್ನ ಮತ್ತೆ ಬಿಟ್ರೆ ಡಯಾಜೆಪಾಮ್‌ದೂ ಪರಿಣಾಮ ಕಾಣಿಸದೇ ಹೋಗಬಹುದು.

ಇನ್ನು ಸೇಫಾ ಅನ್ನೋದನ್ನ ಈ 5 ನಿಮಿಷ ಹೇಳೋದೇ ಇಲ್ಲ. ಕಾವಾ ಗಿಡಕ್ಕೆ ಆತಂಕ ತಗ್ಗಿಸೋ ಹೆಸರಿತ್ತು, ಆದ್ರೂ ಲಿವರ್ ಹಾಳಾದ ವರದಿಗಳು ಬಂದು 2002ರಲ್ಲಿ ಜರ್ಮನಿ ಅದರ ಔಷಧಿಗಳನ್ನ ಮಾರುಕಟ್ಟೆಯಿಂದ ತೆಗೀತು. ಲಿವರ್‌ಗೆ ಏನಾಗುತ್ತೆ ಅಂತ ತಿಳೀಬೇಕಾದ್ರೆ 28 ದಿನ, 90 ದಿನ ದಿನಾ ಸಾರ ಕೊಟ್ಟು ರಕ್ತ, ಅಂಗಾಂಗ ಪರೀಕ್ಷೆ ಮಾಡೋ ಬೇರೆ ಟೆಸ್ಟುಗಳೇ ಇವೆ, ಸುದ್ದಿಯಲ್ಲಿ ಅವುಗಳ ಮಾತು ಬಂದಿದೆಯಾ ಅಂತ ನಾನು ಹುಡುಕ್ತೀನಿ.