ಸೆಪ್ಟೆಂಬರ್‌ಗೆ ಉಳಿದ ತೋಳುಗಳು

ನ್ಯೂಯಾರ್ಕ್ ಮೆಟ್ಸ್ ತಂಡ 1969ರಲ್ಲಿ ಷಿಕಾಗೊ ಕಬ್ಸ್ ತಂಡವನ್ನು ಹಿಂದಿಕ್ಕಿ ನ್ಯಾಷನಲ್ ಲೀಗ್‌ನ ಪೂರ್ವ ಡಿವಿಷನ್ ಗೆದ್ದದ್ದನ್ನು ಬೇಸ್‌ಬಾಲ್ ಲೋಕ ಇಂದಿಗೂ ಪವಾಡವೆಂದೇ ಬಣ್ಣಿಸುತ್ತದೆ. ಎಸೆಯುವ ಕ್ರೀಡಾಪಟುಗಳ ಭುಜ ಮತ್ತು ಮೊಣಕೈಗಳ ಆರೈಕೆಯನ್ನೇ ವೃತ್ತಿಯಾಗಿಸಿಕೊಂಡಿರುವ ಫಿಸಿಯೊಥೆರಪಿಸ್ಟ್ ಆದ ನನಗೆ ಆ ವರ್ಷದ ಅಂಕಿಅಂಶಗಳಲ್ಲಿ ಮುಖ್ಯವಾಗಿ ಕಾಣುವುದು ಎರಡು ತಂಡಗಳು ತಮ್ಮ ಪಿಚರ್‌ಗಳಿಗೆ, ಅಂದರೆ ಬ್ಯಾಟರ್‌ನತ್ತ ಚೆಂಡು ಎಸೆಯುವವರಿಗೆ, ಕೆಲಸ ಹಂಚಿದ ರೀತಿಯಲ್ಲಿದ್ದ ವ್ಯತ್ಯಾಸ.

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಎರಡು ಲೀಗ್‌ಗಳನ್ನು ಡಿವಿಷನ್‌ಗಳಾಗಿ ವಿಂಗಡಿಸಿದ್ದು ಅದೇ ವರ್ಷ. ನಾಲ್ಕು ಹೊಸ ತಂಡಗಳು ಸೇರಿ ಒಟ್ಟು 24 ಆದಾಗ, ಪ್ರತಿ ಲೀಗ್‌ನ 12 ತಂಡಗಳನ್ನು ಆರಾರರಂತೆ ಪೂರ್ವ ಮತ್ತು ಪಶ್ಚಿಮ ಎಂದು ಒಡೆದರು. ಏಪ್ರಿಲ್‌ನಿಂದ ಅಕ್ಟೋಬರ್ ಆರಂಭದವರೆಗೆ 162 ಪಂದ್ಯಗಳನ್ನಾಡಿ, ಆರು ತಂಡಗಳಲ್ಲಿ ಮೊದಲ ಸ್ಥಾನ ಪಡೆದವರಿಗೆ ಮಾತ್ರ ಮುಂದಿನ ಹಂತ. ಮೆಟ್ಸ್ ತಂಡ 1962ರಲ್ಲಿ ತನ್ನ ಮೊದಲ ಋತುವಿನಲ್ಲೇ 120 ಪಂದ್ಯ ಸೋತು ನಗೆಪಾಟಲಾಗಿತ್ತು. 1969ರ ಆಗಸ್ಟ್ ನಡುವಿನಲ್ಲಿಯೂ ಅದು ಕಬ್ಸ್‌ಗಿಂತ ಸುಮಾರು ಹತ್ತು ಪಂದ್ಯಗಳಷ್ಟು ಹಿಂದಿತ್ತು. ಅಲ್ಲಿಂದ ಮುಂದಿನ 49 ಪಂದ್ಯಗಳಲ್ಲಿ 38ನ್ನು ಗೆದ್ದು, ಒಟ್ಟು 100 ಗೆಲುವುಗಳೊಂದಿಗೆ, ಎಂಟು ಪಂದ್ಯಗಳ ಅಂತರದಲ್ಲಿ ಡಿವಿಷನ್ ತನ್ನದಾಗಿಸಿಕೊಂಡಿತು. ಬ್ಯಾಟಿಂಗ್ ಬಲದಿಂದ ಬಂದ ಗೆಲುವು ಇದಾಗಿರಲಿಲ್ಲ, ಏಕೆಂದರೆ ಇಡೀ ಋತುವಿನಲ್ಲಿ ಕಬ್ಸ್ 720 ರನ್ ಗಳಿಸಿದ್ದರೆ ಮೆಟ್ಸ್ ಗಳಿಸಿದ್ದು 632 ಮಾತ್ರ. ಆದರೆ ಎದುರಾಳಿಗಳಿಗೆ ಅದು ಬಿಟ್ಟುಕೊಟ್ಟದ್ದು 541 ರನ್, ಮತ್ತು 28 ಪಂದ್ಯಗಳಲ್ಲಿ ಎದುರಾಳಿಗೆ ಒಂದು ರನ್ ಕೂಡ ದಕ್ಕಲಿಲ್ಲ.

ಪಿಚಿಂಗ್ ಎಂಬ ಕ್ರಿಯೆ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ತಿಳಿಯದೆ ಈ ಅಂಕಿಗಳ ಹಿಂದಿನ ಕಾರಣ ತಿಳಿಯುವುದಿಲ್ಲ. ಪಿಚರ್ ಕಾಲನ್ನು ಮುಂದಿಟ್ಟು ಸೊಂಟ ತಿರುಗಿಸುವ ಹೊತ್ತಿಗೆ ಅವನ ಮೊಣಕೈ ಮಡಚಿಕೊಂಡಿರುತ್ತದೆ, ಮುಂಗೈ ಬಹುತೇಕ ನೆಲಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಬಾಗಿರುತ್ತದೆ. ಅಲ್ಲಿಂದ ಭುಜ ಒಳಮುಖವಾಗಿ ತಿರುಗುವ ವೇಗ ಸೆಕೆಂಡಿಗೆ ಸುಮಾರು 7,000 ಡಿಗ್ರಿ, ಅಂದರೆ ಮನುಷ್ಯದೇಹದ ಅತಿ ವೇಗದ ಚಲನೆಗಳಲ್ಲಿ ಒಂದು. ಆ ಕ್ಷಣದಲ್ಲಿ ಮೊಣಕೈಯ ಒಳಬದಿಯ ಪುಟ್ಟ ಅಸ್ಥಿರಜ್ಜುವಿನ ಮೇಲೆ ಬೀಳುವ ಸೆಳೆತ ಅದು ಒಂಟಿಯಾಗಿ ತಾಳಬಲ್ಲ ಮಿತಿಯ ಹತ್ತಿರಕ್ಕೆ ಹೋಗುತ್ತದೆ. ಮುಂಗೈ ಸ್ನಾಯುಗಳು ಆ ಹೊರೆಯಲ್ಲಿ ಪಾಲು ಪಡೆಯುವುದರಿಂದಲೇ ಅದು ಹರಿಯದೆ ಉಳಿಯುತ್ತದೆ. ಸ್ನಾಯು ದಣಿದಾಗ ಆ ಪಾಲು ತಗ್ಗುತ್ತದೆ, ಅದಕ್ಕೂ ಮೊದಲು ಚೆಂಡಿನ ವೇಗ ಮತ್ತು ಗುರಿ ಎರಡೂ ಸಡಿಲಗೊಳ್ಳುತ್ತವೆ. ನನ್ನ ಬಳಿಗೆ ಬರುವ ಕ್ರಿಕೆಟ್ ವೇಗಿಗಳಲ್ಲಿ ಚಿತ್ರ ಬೇರೆಯೇ ಆಗಿರುತ್ತದೆ. ಅವರು ನಿಯಮದಂತೆ ಮೊಣಕೈಯನ್ನು ಹೆಚ್ಚು ಚಾಚದೆ ಬೌಲ್ ಮಾಡುವುದರಿಂದ ಪೆಟ್ಟು ಸಾಮಾನ್ಯವಾಗಿ ಕೆಳಬೆನ್ನಿನ ಮೂಳೆಗೆ ಬೀಳುತ್ತದೆ. ಹಾಗಿದ್ದರೂ ಎರಡು ಸ್ಪೆಲ್‌ಗಳ ನಡುವೆ ದೇಹಕ್ಕೆ ಎಷ್ಟು ಬಿಡುವು ಸಿಕ್ಕಿತು ಎಂಬ ಪ್ರಶ್ನೆ ಎರಡೂ ಆಟಗಳಲ್ಲಿ ಒಂದೇ.

1969ರಲ್ಲಿ ಈ ಪ್ರಶ್ನೆ ಇನ್ನೂ ಗಂಭೀರವಾಗಿತ್ತು, ಏಕೆಂದರೆ ಹರಿದ ಅಸ್ಥಿರಜ್ಜುವಿನ ಜಾಗಕ್ಕೆ ಬೇರೆ ಸ್ನಾಯುರಜ್ಜು ಕಸಿಮಾಡುವ ಶಸ್ತ್ರಚಿಕಿತ್ಸೆಯನ್ನು ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲ ಬಾರಿ ಮಾಡಿದ್ದು 1974ರಲ್ಲಿ. ಅದಕ್ಕೂ ಮುನ್ನ ಮೊಣಕೈ ಕೆಟ್ಟರೆ ಆಟವೇ ಮುಗಿಯುತ್ತಿತ್ತು. ಸ್ಯಾಂಡಿ ಕೌಫ್ಯಾಕ್ಸ್ 1966ರಲ್ಲಿ 27 ಪಂದ್ಯ ಗೆದ್ದು, ಮೊಣಕೈ ಸಂಧಿವಾತದಿಂದಾಗಿ ಮೂವತ್ತನೇ ವಯಸ್ಸಿಗೇ ನಿವೃತ್ತರಾಗಿದ್ದರು.

ಆ ಕಾಲದ ರೂಢಿಯಂತೆ ನಾಲ್ವರು ಪಿಚರ್‌ಗಳು ಸರದಿಯಲ್ಲಿ ಪಂದ್ಯ ಆರಂಭಿಸುತ್ತಿದ್ದರು (ಮೊದಲ ಎಸೆತದಿಂದ ಆಡುತ್ತಿದ್ದರು), ಅಂದರೆ ಪ್ರತಿಯೊಬ್ಬರಿಗೂ ಮೂರು ದಿನಗಳ ವಿಶ್ರಾಂತಿ. ಮೆಟ್ಸ್ ತಂಡದ ವ್ಯವಸ್ಥಾಪಕ ಗಿಲ್ ಹಾಜಸ್ ಮತ್ತು ಪಿಚಿಂಗ್ ಕೋಚ್ ರೂಬ್ ವಾಕರ್ ಐವರ ಸರದಿಯನ್ನು ಪಾಲಿಸಿದರು. 24ರ ಹರೆಯದ ಟಾಮ್ ಸೀವರ್ 35 ಪಂದ್ಯಗಳನ್ನು ಆರಂಭಿಸಿದರೆ, ಆ ವರ್ಷವೇ ಲೀಗ್‌ಗೆ ಕಾಲಿಟ್ಟ ಗ್ಯಾರಿ ಜೆಂಟ್ರಿ ಕೂಡ ಅಷ್ಟೇ ಪಂದ್ಯಗಳನ್ನು ಆರಂಭಿಸಿದರು. ಋತುವಿನ ಆರಂಭದಲ್ಲಿ ಭುಜನೋವಿನಿಂದ ಕೆಲವು ವಾರ ಹೊರಗುಳಿದಿದ್ದ ಜೆರ್ರಿ ಕೂಸ್ಮನ್ ಅವರ ಪಾಲಿಗೆ 32 ಬಂದವು. ಡಾನ್ ಕಾರ್ಡ್‌ವೆಲ್, ಜಿಮ್ ಮೆಕ್ಯಾಂಡ್ರೂ ಮತ್ತು ಆಗಿನ್ನೂ ಗುರಿ ಪಳಗದ ನೋಲನ್ ರಯಾನ್ ಉಳಿದವನ್ನು ಹಂಚಿಕೊಂಡರು. ಲಿಯೊ ಡುರೋಷರ್ ನಡೆಸುತ್ತಿದ್ದ ಕಬ್ಸ್ ತಂಡದಲ್ಲಿ ಫರ್ಗುಸನ್ ಜೆಂಕಿನ್ಸ್ 42, ಬಿಲ್ ಹ್ಯಾಂಡ್ಸ್ 41 ಮತ್ತು ಕೆನ್ ಹೋಲ್ಟ್ಜ್‌ಮನ್ 39 ಪಂದ್ಯಗಳನ್ನು ಆರಂಭಿಸಿದರು. ಒಂದು ಬೇಸ್‌ಬಾಲ್ ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸ್; ಜೆಂಕಿನ್ಸ್ ಹಾಕಿದ್ದು 311 ಇನ್ನಿಂಗ್ಸ್, ಹ್ಯಾಂಡ್ಸ್ ಹಾಕಿದ್ದು 300. ಸೀವರ್ ಲೆಕ್ಕ 273ಕ್ಕೆ ನಿಂತಿತು. ಎತ್ತಿನ ಜೋಡಿ ಎಷ್ಟೇ ಬಲವಾಗಿದ್ದರೂ ಕೊನೆಯ ಹೊಲ ಉಳುವ ಹೊತ್ತಿಗೆ ನೊಗದ ಭಾರ ಕಾಣಿಸಿಕೊಳ್ಳುತ್ತದೆ.

ಹಿಂದಿನ ವರ್ಷ ಪಿಚರ್‌ಗಳು ಮೇಲುಗೈ ಸಾಧಿಸಿದ್ದರಿಂದ 1969ಕ್ಕೆ ಮೌಂಡ್‌ನ (ಪಿಚರ್ ನಿಂತು ಎಸೆಯುವ ಮಣ್ಣಿನ ದಿಬ್ಬದ) ಎತ್ತರವನ್ನು 15 ಇಂಚುಗಳಿಂದ 10ಕ್ಕೆ ಇಳಿಸಿ, ಎಸೆತ ಸರಿಯೆನಿಸಿಕೊಳ್ಳಲು ಹಾದುಹೋಗಬೇಕಾದ ಸ್ಟ್ರೈಕ್ ವಲಯವನ್ನೂ ಕುಗ್ಗಿಸಿದ್ದರು. ಮೇಲಿಂದ ಕೆಳಕ್ಕೆ ಎಸೆಯುವ ಅನುಕೂಲ ಕಡಿಮೆಯಾದಾಗ ಚೆಂಡಿಗೆ ಬೇಕಾದ ಶಕ್ತಿಯನ್ನು ಬೇರೆ ಕಡೆಯಿಂದ ತರಬೇಕಾಗುತ್ತದೆ. ಸೀವರ್ ಎಸೆಯುವಾಗ ಬಲಮೊಣಕಾಲು ಮಣ್ಣಿಗೆ ಉಜ್ಜುವಷ್ಟು ಕೆಳಕ್ಕೆ ಕುಸಿದು, ತೊಡೆ ಮತ್ತು ಸೊಂಟದ ಬಲದಿಂದ ದೇಹವನ್ನು ಮುಂದಕ್ಕೆ ದೂಡುತ್ತಿದ್ದರು. ತೋಳಿನ ಕೆಲಸವನ್ನು ಕಾಲಿಗೆ ವರ್ಗಾಯಿಸುವ ಈ ಶೈಲಿ ಎಲ್ಲರಿಗೂ ಹೊಂದುವುದಿಲ್ಲವಾದರೂ, ಯುವ ಎಸೆತಗಾರರಿಗೆ ಕಾಲಿನ ಬಲವರ್ಧನೆಯ ಮಹತ್ವ ಹೇಳುವಾಗ ನಾನು ತೋರಿಸುವುದು ಇವರ ಹಳೆಯ ಚಿತ್ರಗಳನ್ನೇ.

ಫಲ ಕಂಡದ್ದು ಸೆಪ್ಟೆಂಬರ್‌ನಲ್ಲಿ. 8ರಂದು ನ್ಯೂಯಾರ್ಕ್‌ನ ಷೇ ಮೈದಾನಕ್ಕೆ ಕಬ್ಸ್ ಬಂದಾಗ, ಹ್ಯಾಂಡ್ಸ್ ಮೆಟ್ಸ್‌ನ ಟಾಮಿ ಏಜೀ ಅವರತ್ತ ಬೆದರಿಕೆಯ ಎಸೆತ ಹಾಕಿದರು. ಕೂಸ್ಮನ್ ಮರು ಇನ್ನಿಂಗ್ಸ್‌ನಲ್ಲಿ ರಾನ್ ಸಾಂಟೊ ಅವರ ತೋಳಿಗೆ ಚೆಂಡು ಬಡಿದು ಉತ್ತರಿಸಿದರು. (ವೈದ್ಯಕೀಯ ದೃಷ್ಟಿಯಿಂದ ನಾನು ಒಪ್ಪದ ಉತ್ತರ.) ಅನಂತರ 13 ಸ್ಟ್ರೈಕ್‌ಔಟ್‌ಗಳೊಂದಿಗೆ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್ ಔಟಾಗುವುದು) 3-2ರಿಂದ ಪಂದ್ಯ ಗೆದ್ದುಕೊಟ್ಟರು. ಮರುದಿನ ಸೀವರ್ 7-1ರಿಂದ ಗೆದ್ದರು. 10ರಂದು ಮೆಟ್ಸ್ ಮೊದಲ ಸ್ಥಾನಕ್ಕೇರಿತು. 12ರಂದು ಪಿಟ್ಸ್‌ಬರ್ಗ್‌ನಲ್ಲಿ ಒಂದೇ ದಿನ ಆಡಿದ ಎರಡು ಪಂದ್ಯಗಳನ್ನೂ ಅದು 1-0ರಿಂದ ಗೆದ್ದಿತು, ಮತ್ತು ಎರಡರಲ್ಲೂ ಆ ಏಕೈಕ ರನ್ ತಂದುಕೊಟ್ಟದ್ದು ಪಿಚರ್‌ಗಳೇ ಆದ ಕೂಸ್ಮನ್ ಮತ್ತು ಕಾರ್ಡ್‌ವೆಲ್ ಅವರ ಬ್ಯಾಟು. ಪಿಚರ್‌ಗಳೂ ಬ್ಯಾಟ್ ಹಿಡಿಯಬೇಕಿದ್ದ ಕಾಲ ಅದು. 24ರಂದು ಸೇಂಟ್ ಲೂಯಿಸ್ ವಿರುದ್ಧ ಜೆಂಟ್ರಿ ರನ್ ಕೊಡದೆ 6-0ರಿಂದ ಗೆದ್ದಾಗ ಡಿವಿಷನ್ ನಿರ್ಧಾರವಾಯಿತು. ಸೋಲು-ಗೆಲುವು ತಮ್ಮ ಹೆಸರಿಗೆ ದಾಖಲಾದ ಕೊನೆಯ ಹತ್ತು ಪಂದ್ಯಗಳನ್ನೂ ಗೆದ್ದ ಸೀವರ್ ಅವರ ಒಟ್ಟು ಗೆಲುವು 25, ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ 2.21. ಕೂಸ್ಮನ್ ಅವರ ಸರಾಸರಿ 2.28. ಅವರ ಹಿಂದೆ ಟಗ್ ಮೆಕ್‌ಗ್ರಾ ಮತ್ತು ಮುಂದೆ ಸ್ವತಃ ವೈದ್ಯರಾಗಿ ಟೊರಾಂಟೊ ಬ್ಲೂ ಜೇಸ್ ತಂಡವನ್ನು ನೋಡಿಕೊಂಡ ರಾನ್ ಟೇಲರ್ ಪಂದ್ಯಗಳನ್ನು ಮುಗಿಸಿಕೊಡಲು ಸಿದ್ಧರಿದ್ದರು.

ಕಬ್ಸ್ ಕುಸಿತಕ್ಕೆ ಪಿಚರ್‌ಗಳ ದಣಿವೊಂದೇ ಕಾರಣವೆಂದು ನಾನು ಹೇಳಲಾರೆ. ರಿಗ್ಲಿ ಮೈದಾನಕ್ಕೆ 1988ರವರೆಗೆ ದೀಪಗಳಿರಲಿಲ್ಲವಾದ್ದರಿಂದ ತವರಿನ ಪಂದ್ಯಗಳೆಲ್ಲ ಬೇಸಿಗೆಯ ಹಗಲಿನಲ್ಲೇ ನಡೆಯುತ್ತಿದ್ದವು, ಅವರ ಕ್ಯಾಚರ್ ರ್‍ಯಾಂಡಿ ಹಂಡ್ಲಿ 151 ಪಂದ್ಯಗಳಲ್ಲಿ ಕೀಪಿಂಗ್ ಮಾಡಿದ್ದರು. ಕ್ಯಾಚರ್‌ನ ಮೊಣಕಾಲುಗಳನ್ನು ಬಲ್ಲ ಯಾರಿಗೂ ಆ ಸಂಖ್ಯೆ ಸಣ್ಣದೆನಿಸದು. ಸೆಪ್ಟೆಂಬರ್ ಆರಂಭದ ಸತತ ಎಂಟು ಸೋಲುಗಳಲ್ಲಿ ಇವೆಲ್ಲದರ ಪಾಲಿತ್ತೆಂದು ನನ್ನ ಅಂದಾಜು.

ವ್ಯಕ್ತಿಗಳ ಮಟ್ಟದಲ್ಲಿಯೂ ಲೆಕ್ಕ ಸರಳವಲ್ಲ. ಸೀವರ್ 1986ರವರೆಗೆ, ಕೂಸ್ಮನ್ 1985ರವರೆಗೆ, ರಯಾನ್ 1993ರವರೆಗೆ ಆಡಿದರೆ, ಅದೇ ಐವರ ಸರದಿಯಲ್ಲಿ ಬೆಳೆದ ಜೆಂಟ್ರಿ ಅವರ ಮೊಣಕೈ ಕೆಟ್ಟು 1975ಕ್ಕೆ ಅವರ ಲೀಗ್ ಆಟ ಮುಗಿಯಿತು. 311 ಇನ್ನಿಂಗ್ಸ್ ದುಡಿದ ಜೆಂಕಿನ್ಸ್ ಮಾತ್ರ 1983ರವರೆಗೆ ಎಸೆದು 284 ಗೆಲುವುಗಳನ್ನು ಪಡೆದರು. ವಿಶ್ರಾಂತಿ ಒಂದು ತೋಳನ್ನು ಉಳಿಸಿಯೇ ತೀರುತ್ತದೆಂದು ನಾನು ಯಾವ ಪೋಷಕರಿಗೂ ಭರವಸೆ ಕೊಡುವುದಿಲ್ಲ. ಐದು ತೋಳುಗಳಿರುವ ತಂಡದಲ್ಲಿ ಕೊನೆಯ ತಿಂಗಳಿಗೆ ಮೂರಾದರೂ ಚುರುಕಾಗಿ ಉಳಿಯುವ ಸಾಧ್ಯತೆಯನ್ನು ಅದು ಹೆಚ್ಚಿಸುತ್ತದೆ, ಮತ್ತು 1969ರಲ್ಲಿ ಮೆಟ್ಸ್‌ಗೆ ಅಷ್ಟು ಸಾಕಾಯಿತು.