ಕತ್ತೆ ಕತೆಯಾಗುವ ಬಗೆ: ಆ್ಯಪ್‌ಗಳಲ್ಲಿ ಅಕ್ಷರದ ಅಳತೆ

ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರವನ್ನು ಕೊನೆಯ ಮಟ್ಟದವರೆಗೆ ಎಳೆದು, ಬಳಿಕ ನಾಲ್ಕಾರು ಆ್ಯಪ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಒಂದರಲ್ಲಿ ಅಕ್ಷರಗಳು ಹೇಳಿದಷ್ಟೂ ಹಿಗ್ಗಿರುತ್ತವೆ. ಇನ್ನೊಂದರಲ್ಲಿ ‘ಮುಂದುವರಿಸಿ’ ಎಂಬ ಗುಂಡಿಯ ಮೇಲೆ ‘ಮುಂದು’ ಮಾತ್ರ ಉಳಿದು, ಮಿಕ್ಕಿದ್ದು ಮೂರು ಚುಕ್ಕಿಗಳಾಗಿರುತ್ತದೆ. ಮತ್ತೊಂದರಲ್ಲಿ ಏನೂ ಬದಲಾಗಿರುವುದಿಲ್ಲ. ಅದರ ತಯಾರಕರು ನಿಮ್ಮ ಆಯ್ಕೆಯನ್ನು ಬಾಗಿಲಲ್ಲೇ ತಡೆದಿದ್ದಾರೆ.

ಈ ತಡೆಯುವ ಕೆಲಸ ತಾಂತ್ರಿಕವಾಗಿ ಬಹಳ ಸುಲಭ. ಆಂಡ್ರಾಯ್ಡ್‌ನಲ್ಲಿ ಪರದೆಯ ಅಳತೆಗೆ ಡಿಪಿ ಮತ್ತು ಎಸ್‌ಪಿ ಎಂಬ ಎರಡು ಮಾನಗಳಿವೆ. ಒಂದು ಡಿಪಿ ಎಂದರೆ ಸುಮಾರಾಗಿ ಒಂದು ಇಂಚಿನ 160ನೇ ಒಂದು ಭಾಗ. ಪರದೆಯ ಪಿಕ್ಸೆಲ್‌ಗಳು ಎಷ್ಟೇ ದಟ್ಟವಾಗಿದ್ದರೂ ಕಣ್ಣಿಗೆ ಕಾಣುವ ಅಳತೆ ಹೆಚ್ಚುಕಡಿಮೆ ಒಂದೇ ಆಗಿರಲಿ ಎಂಬುದು ಅದರ ಉದ್ದೇಶ. ಎಸ್‌ಪಿ ಇದೇ ಅಳತೆಯನ್ನು ಬಳಕೆದಾರರು ಆರಿಸಿಕೊಂಡ ಗಾತ್ರಕ್ಕೆ ತಕ್ಕಂತೆ ಹಿಗ್ಗಿಸುತ್ತದೆ. ಗುಂಡಿ, ಅಂಚು, ಚಿತ್ರಗಳಿಗೆ ಡಿಪಿ, ಪಠ್ಯಕ್ಕೆ ಎಸ್‌ಪಿ ಎಂಬುದು ವಾಡಿಕೆ. ಸೆಟ್ಟಿಂಗ್ ಮೊದಲಿನ ಮಟ್ಟದಲ್ಲೇ ಇದ್ದಾಗ ಎರಡರ ಬೆಲೆಯೂ ಒಂದೇ ಆದ್ದರಿಂದ, ಆ್ಯಪ್ ಬರೆಯುವವರು ತಮ್ಮದೇ ಫೋನಿನಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಬಿದ್ದ ದಿನ, ಹೆಚ್ಚಿನವರು ಹಿಡಿಯುವುದು ಅಡ್ಡದಾರಿಯನ್ನೇ. ಪಠ್ಯಕ್ಕೂ ಡಿಪಿ ಬರೆಯುವುದು, ಅಕ್ಷರ ಎಷ್ಟು ಪಟ್ಟು ಹಿಗ್ಗಬೇಕೆಂದು ಹೇಳುವ ಗುಣಕವನ್ನು ಒತ್ತಾಯದಿಂದ 1ಕ್ಕೆ ತಂದು ನಿಲ್ಲಿಸುವುದು, ಆ್ಯಪ್ ಕಟ್ಟುವ ಸಾಧನವಾದ ರಿಯಾಕ್ಟ್ ನೇಟಿವ್‌ನಲ್ಲಾದರೆ ಹಿಗ್ಗುವಿಕೆಯ ಅನುಮತಿಯನ್ನೇ ತೆಗೆದುಹಾಕುವುದು: ಎಲ್ಲವೂ ಒಂದೆರಡು ಸಾಲಿನ ಕೆಲಸ. ಅಷ್ಟಾದರೂ ತಪ್ಪಿಸಿಕೊಂಡಂತಾಗುವುದಿಲ್ಲ ಎಂಬುದು ಬೇರೆ ಮಾತು. 2016ರ ಆಂಡ್ರಾಯ್ಡ್ 7ರಿಂದ ಅಕ್ಷರದ ಗಾತ್ರವಲ್ಲದೆ ಇಡೀ ಪರದೆಯ ಪ್ರದರ್ಶನ ಗಾತ್ರವನ್ನೂ ಬದಲಿಸಬಹುದಾಗಿದ್ದು, ಅದು ಡಿಪಿಯನ್ನೇ ಹಿಗ್ಗಿಸುತ್ತದೆ.

ಗಾತ್ರ ಹೆಚ್ಚಿಸುವವರು ಅದನ್ನು ಅಲಂಕಾರಕ್ಕಾಗಿ ಮಾಡುವುದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಪೆಡಸಾಗಿ, ಹತ್ತಿರದ ವಸ್ತುವಿನ ಮೇಲೆ ನೋಟವನ್ನು ನಿಲ್ಲಿಸುವ ಶಕ್ತಿ ಕುಗ್ಗುತ್ತದೆ. ನಲವತ್ತರ ಆಸುಪಾಸಿನಲ್ಲಿ ಅದು ಅರಿವಿಗೆ ಬರುವುದರಿಂದಲೇ ಆ ಕನ್ನಡಕಕ್ಕೆ ಚಾಳೀಸು ಎಂಬ ಹೆಸರು ಬಂದಿದೆ. ಕಣ್ಣಿನ ಪರೀಕ್ಷೆಯಲ್ಲಿ ಸಹಜ ದೃಷ್ಟಿಯ ಗೆರೆಯಲ್ಲಿರುವ ಅಕ್ಷರ ಕಣ್ಣಿನೆದುರು ಒಂದು ಡಿಗ್ರಿಯ ಹನ್ನೆರಡನೇ ಒಂದು ಭಾಗದಷ್ಟು ಕೋನವನ್ನು ಆಕ್ರಮಿಸುತ್ತದೆ. ಫೋನನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದು 0.6 ಮಿಲಿಮೀಟರ್‌ಗಿಂತ ತುಸು ಕಡಿಮೆ. ಆದರೆ ಇದು ಒಳ್ಳೆಯ ಕಣ್ಣು ಕಷ್ಟಪಟ್ಟು ಗುರುತಿಸುವ ಮಿತಿಯೇ ಹೊರತು ಸಲೀಸಾಗಿ ಓದುವ ಅಳತೆಯಲ್ಲ. ಓದಲು ಅದರ ಹಲವು ಪಟ್ಟು ಬೇಕಾಗುತ್ತದೆ, ಮಸುಕಾದ ಕಣ್ಣಿಗೆ ಇನ್ನೂ ಹೆಚ್ಚು.

ಹಾಗಾದರೆ ಅಕ್ಷರ ಹಿಗ್ಗಿದರೆ ಪರದೆಯ ವಿನ್ಯಾಸ ಕೆಡುತ್ತದೆ ಎಂಬ ಆ್ಯಪ್ ತಯಾರಕರ ಅಳಲು ಸುಳ್ಳೇ? ಅಲ್ಲ. ಶೀರ್ಷಿಕೆಯೊಂದಕ್ಕೆ 16 ಎಸ್‌ಪಿ ಗಾತ್ರವನ್ನೂ, ಅದು ಕೂರುವ ಪೆಟ್ಟಿಗೆಗೆ 24 ಡಿಪಿ ಎತ್ತರವನ್ನೂ ಕೊಟ್ಟಿದ್ದಾರೆ ಎನ್ನೋಣ. ಗಾತ್ರದ ಸೆಟ್ಟಿಂಗ್ ತುದಿ ಮುಟ್ಟಿದಾಗ ಅಕ್ಷರ ಬೆಳೆಯುತ್ತದೆ, ಪೆಟ್ಟಿಗೆ ಬೆಳೆಯುವುದಿಲ್ಲ. ರೋಮನ್ ಲಿಪಿಯಲ್ಲಾದರೆ ಕೆಲವು ಅಕ್ಷರಗಳ ಬಾಲ ಕತ್ತರಿಸಿಹೋಗುತ್ತದೆ, ಓದು ಹೇಗೋ ಸಾಗುತ್ತದೆ. ಕನ್ನಡದಲ್ಲಿ ಮೊದಲು ಬಲಿಯಾಗುವುದು ಒತ್ತಕ್ಷರ, ಏಕೆಂದರೆ ಅದು ಸಾಲಿನ ಕೆಳಗೆ ಕೂರುತ್ತದೆ. ‘ಕತ್ತೆ’ ಎಂಬ ಪದದ ಕೆಳಗಿನ ಒತ್ತು ಮರೆಯಾದರೆ ಉಳಿಯುವುದು ‘ಕತೆ’. ಓದುಗರಿಗೆ ಪದ ತುಂಡಾಗಿದೆ ಎಂಬ ಅನುಮಾನವೂ ಬರುವುದಿಲ್ಲ, ಏಕೆಂದರೆ ಉಳಿದದ್ದೂ ಅರ್ಥವಿರುವ ಪದವೇ. ‘ರಾಷ್ಟ್ರ’ದಂತಹ ಪದದಲ್ಲಿ ಎರಡೆರಡು ಒತ್ತುಗಳಿದ್ದು, ಅದಕ್ಕೆ ಬೇಕಾದ ಜಾಗ ಇನ್ನೂ ಹೆಚ್ಚು.

ನನ್ನ ಪ್ರಕಾರ ಇಲ್ಲಿ ತಪ್ಪಿರುವುದು ಅಕ್ಷರದಲ್ಲಲ್ಲ, ಪೆಟ್ಟಿಗೆಯಲ್ಲಿ. ಎತ್ತರವನ್ನು ‘24’ ಎಂದು ಕಟ್ಟಿಹಾಕುವ ಬದಲು ‘ಕನಿಷ್ಠ 24’ ಎಂದು ಬರೆದು, ಸಾಲುಗಳ ನಡುವಿನ ಅಂತರವನ್ನೂ ಎಸ್‌ಪಿಯಲ್ಲೇ ಕೊಟ್ಟು, ಪಠ್ಯವು ಎರಡನೆಯ ಸಾಲಿಗೆ ಇಳಿಯಲು ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ದೂರುಗಳು ತಾವಾಗಿಯೇ ಅಡಗುತ್ತವೆ. ಅಡಗದ ಕೆಲವು ಉಳಿಯುತ್ತವೆ ನಿಜ: ಕನ್ನಡದ ಪದಗಳು ಪ್ರತ್ಯಯಗಳನ್ನು ಅಂಟಿಸಿಕೊಂಡು ಉದ್ದವಾಗುವುದರಿಂದ ‘ಪರಿಶೀಲಿಸಲಾಗುತ್ತಿದೆ’ ಎಂಬ ಒಂದೇ ಪದ ಸಾಲಿಗಿಂತ ಅಗಲವಾಗಬಹುದು, ಆಗ ಅದನ್ನು ಒಡೆಯಲು ನಡುವೆ ಖಾಲಿ ಜಾಗವೂ ಇರುವುದಿಲ್ಲ. ಪದವನ್ನೇ ಬದಲಿಸಿ ‘ಪರಿಶೀಲನೆ’ ಎಂದು ಬರೆಯುವುದು ಅಲ್ಲಿ ಯಾವ ಕೋಡಿಗಿಂತಲೂ ಒಳ್ಳೆಯ ಪರಿಹಾರ.

ಕಾರ್ಯಾಚರಣಾ ವ್ಯವಸ್ಥೆಗಳೂ ಈ ಇಕ್ಕಟ್ಟನ್ನು ಗಮನಿಸಿವೆ. 2023ರ ಆಂಡ್ರಾಯ್ಡ್ 14ರಲ್ಲಿ ಅಕ್ಷರ ಶೇ 200ರವರೆಗೆ ಹಿಗ್ಗಬಹುದು, ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಅಲ್ಲ. ಆ ಮಟ್ಟದಲ್ಲಿ 12 ಎಸ್‌ಪಿಯ ಸಣ್ಣ ಅಕ್ಷರ ಪೂರ್ತಿ ಇಮ್ಮಡಿಯಾಗಿ 24 ಆಗುತ್ತದೆ. ಮೊದಲೇ ದೊಡ್ಡದಾಗಿರುವ ಶೀರ್ಷಿಕೆ ಇಮ್ಮಡಿಯಾಗದೆ ತುಸುವಷ್ಟೇ ಬೆಳೆಯುತ್ತದೆ. ಇದು ಜಾಣತನದ ತೀರ್ಮಾನ, ಏಕೆಂದರೆ ಶೀರ್ಷಿಕೆ ಓದಲು ಯಾರೂ ಕಷ್ಟಪಡುತ್ತಿರಲಿಲ್ಲ. ಗಾತ್ರವನ್ನು ಒಂದೇ ಗುಣಕದಿಂದ ಲೆಕ್ಕ ಹಾಕುವ ಹಳೆಯ ರೂಢಿ ಇದರಿಂದ ಮುರಿದುಬಿದ್ದು, ಆ್ಯಪ್ ಕಟ್ಟುವ ಫ್ಲಟರ್‌ನಂತಹ ಸಾಧನಗಳೂ ಆ ಗುಣಕವನ್ನು ಕೈಬಿಟ್ಟು ಬೇರೆ ಏರ್ಪಾಡಿಗೆ ಹೊರಳಿದವು. ಐಫೋನಿನಲ್ಲಿ 2013ರಿಂದ ಇರುವ ಡೈನಮಿಕ್ ಟೈಪ್ ಏರ್ಪಾಡಿನಲ್ಲಿ ಏಳು ಸಾಮಾನ್ಯ ಹಂತಗಳೂ ದೃಷ್ಟಿ ಕಡಿಮೆ ಇರುವವರಿಗಾಗಿ ಇನ್ನೂ ಐದು ಹಂತಗಳೂ ಇದ್ದು, 17 ಪಾಯಿಂಟಿನ ಮೂಲ ಪಠ್ಯ ಕೊನೆಯ ಹಂತದಲ್ಲಿ 53 ಪಾಯಿಂಟ್ ಆಗುತ್ತದೆ.

ಇಷ್ಟು ಹಿಗ್ಗಿದಾಗ ಎಲ್ಲೋ ಒಂದು ಮಿತಿ ಬೇಕೆನಿಸುವುದು ಸಹಜ. ಪರದೆಯ ಅಡಿಯಲ್ಲಿ ಐದು ಗುಂಡಿಗಳ ಪಟ್ಟಿಯೊಂದಿದ್ದರೆ ಅಲ್ಲಿ 53 ಪಾಯಿಂಟಿನ ಅಕ್ಷರ ಹಿಡಿಸುವುದೇ ಇಲ್ಲ. ಆಪಲ್ ಅಲ್ಲಿ ಅಕ್ಷರವನ್ನು ಚಿಕ್ಕದಾಗಿಯೇ ಇಟ್ಟು, ಗುಂಡಿಯನ್ನು ಒತ್ತಿ ಹಿಡಿದಾಗ ಅದರ ಚಿಹ್ನೆಯನ್ನೂ ಹೆಸರನ್ನೂ ಪರದೆಯ ನಡುವೆ ದೊಡ್ಡದಾಗಿ ತೋರಿಸುತ್ತದೆ. ಹೀಗೆ ಬೇರೊಂದು ದಾರಿ ತೆರೆದಿಟ್ಟು ಹಾಕುವ ಮಿತಿಗೂ, ಇಡೀ ಆ್ಯಪ್‌ಗೆ ಬೀಗ ಜಡಿಯುವುದಕ್ಕೂ ಅಜಗಜಾಂತರವಿದೆ. ಮಿತಿ ಹಾಕಲೇಬೇಕಾದಲ್ಲಿ ವೆಬ್ ಸುಗಮ್ಯತೆಯ ಡಬ್ಲ್ಯೂಸಿಎಜಿ ಮಾರ್ಗಸೂಚಿ 2008ರಲ್ಲೇ ಒಂದು ಅಳತೆಗೋಲು ಕೊಟ್ಟಿದೆ: ಪಠ್ಯವು ಶೇ 200ರವರೆಗೆ ಹಿಗ್ಗಿದರೂ ವಿಷಯವಾಗಲಿ ಬಳಕೆಯಾಗಲಿ ಕೆಡಬಾರದು.

ಕೆಲವು ಓದುವ ಆ್ಯಪ್‌ಗಳು ತಮ್ಮದೇ ಗಾತ್ರದ ಪಟ್ಟಿಯನ್ನು ಕೊಡುತ್ತವೆ. ಅದು ಉಪಕಾರವೇ, ಆದರೆ ಒಂದು ಲೆಕ್ಕ ಮರೆಯಬಾರದು. ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರ 1.3 ಪಟ್ಟು ಇರುವಾಗ ಆ್ಯಪ್‌ನೊಳಗೆ 1.5 ಆರಿಸಿದರೆ, ಎರಡನ್ನೂ ಗುಣಿಸುವ ಆ್ಯಪ್‌ನಲ್ಲಿ ಅಕ್ಷರ 1.95 ಪಟ್ಟಾಗುತ್ತದೆ, ಫೋನಿನದನ್ನು ಕಡೆಗಣಿಸುವ ಆ್ಯಪ್‌ನಲ್ಲಿ 1.5 ಮಾತ್ರ. ಮೊದಲನೆಯದೇ ಸರಿ ಎಂದು ನನಗನಿಸುತ್ತದೆ, ಏಕೆಂದರೆ ಫೋನಿನಲ್ಲಿ ಆರಿಸಿದ್ದು ಕಣ್ಣಿನ ಅಗತ್ಯ, ಆ್ಯಪ್‌ನಲ್ಲಿ ಆರಿಸಿದ್ದು ಆ ಹೊತ್ತಿನ ಓದಿನ ಅನುಕೂಲ. ಮೇಲ್ಮಿತಿಯನ್ನು ಇಡುವುದಾದರೆ ಅದು ಬೀಳಬೇಕಾದದ್ದು ಆ ಗುಣಲಬ್ಧದ ಮೇಲೆ.